ಕಡಿಮೆ ದುಡ್ಡು, ಕೈತುಂಬ ಓದು: ಕನ್ನಡ ಇ-ಪುಸ್ತಕಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮಮ್ಮ ಎರಡು ವರ್ಷ ಕಾದಂಬರಿ ಓದುವುದನ್ನೇ ಬಿಟ್ಟಿದ್ದರು. ಕನ್ನಡಕ ಬದಲಾಯಿಸಿದ್ದಾಯಿತು, ಕಿಟಕಿ ಪಕ್ಕ ಕುರ್ಚಿ ಹಾಕಿದ್ದಾಯಿತು. ನಾಲ್ಕು ಪುಟ ಆಗುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ಮನೆಯಲ್ಲಿದ್ದ ಹಳೇ ಟ್ಯಾಬ್‌ನಲ್ಲಿ ಒಂದು ಕಾದಂಬರಿ ತೆರೆದೆ. ಸಾಲಿಗೆ ನಾಲ್ಕೇ ಪದ ಬರುವಷ್ಟು ಅಕ್ಷರ ದೊಡ್ಡದು ಮಾಡಿ ಅವರ ಕೈಗೆ ಕೊಟ್ಟೆ. ಮೂರನೇ ದಿನ ಬೆಳಗ್ಗೆ ಕಾಫಿ ಕೊಡುತ್ತಾ, "ಅದು ಮುಗೀತು ಕಣೋ, ಇನ್ನೊಂದು ಹಾಕ್ಕೊಡು" ಅಂದರು.

ಮೂರು ದಿನಕ್ಕೊಂದು ಪುಸ್ತಕ ಅಂದರೆ ತಿಂಗಳಿಗೆ ಹತ್ತು. ಒಂದಕ್ಕೆ 150 ರೂಪಾಯಿ ಅಂತ ಇಟ್ಟುಕೊಂಡರೂ 1,500 ಆಯಿತು. ನನ್ನ ಓದಿನ ಖರ್ಚು ಬೇರೆ. ದುಡ್ಡಿಗಿಂತ ದೊಡ್ಡ ತಲೆನೋವು ಇನ್ನೊಂದಿತ್ತು: ಮುಂದೆ ಏನು ಓದುವುದು? ಗೊತ್ತಿದ್ದ ಹತ್ತು ಹೆಸರು ಒಂದೇ ತಿಂಗಳಲ್ಲಿ ಖಾಲಿಯಾದವು. ಈಗ ನಮ್ಮ ಮನೆಯಲ್ಲಿ ಇಬ್ಬರ ಓದೂ ಸೇರಿ ತಿಂಗಳಿಗೆ 300 ರೂಪಾಯಿ ದಾಟುವುದಿಲ್ಲ, ಓದಲು ಕಾದಿರುವ ಪುಸ್ತಕಗಳ ಪಟ್ಟಿಯೂ ಖಾಲಿಯಾಗುವುದಿಲ್ಲ. ಅದಕ್ಕೆ ಏನೇನು ಮಾಡಿದೆ ಅನ್ನುವುದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಕಾಲವಾಗಿ ಬಹಳ ವರ್ಷವಾದ ಲೇಖಕರ ಪುಸ್ತಕದಲ್ಲಿ ದುಡ್ಡು ಉಳಿಸುತ್ತೇನೆ, ಇವತ್ತು ಬರೆಯುತ್ತಿರುವವರ ಪುಸ್ತಕಕ್ಕೆ ಕೊಡುತ್ತೇನೆ.

ಮೊದಲು: ಹೊಸ ಸಾಧನ ಕೊಳ್ಳಬೇಡಿ

ಇ-ಪುಸ್ತಕ ಅಂದ ಕೂಡಲೇ ಜನ ಕಿಂಡಲ್ ಕೊಳ್ಳಲು ಹೋಗುತ್ತಾರೆ. ಇಂಗ್ಲಿಷ್ ಓದುವವರಿಗೆ ಅದು ಒಳ್ಳೆಯ ಸಾಧನ. ಕನ್ನಡಕ್ಕೆ ಅಂತಲೇ ಆದರೆ ಸ್ವಲ್ಪ ತಡೆಯಿರಿ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮ ಇ-ಪುಸ್ತಕಗಳು ಬೆಳೆದದ್ದು ಫೋನಿನ ಆ್ಯಪ್‌ಗಳಲ್ಲಿ. ಹಾಗಾಗಿ ಕೈಯಲ್ಲಿರುವ ಫೋನಿನಲ್ಲೇ ಶುರು ಮಾಡಿ. ಮನೆಯಲ್ಲಿ ಹಳೇ ಟ್ಯಾಬ್ ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ಕೊಂಡು ಮೂಲೆ ಸೇರಿದ ಟ್ಯಾಬ್‌ಗಳು ಎಷ್ಟೋ ಮನೆಗಳಲ್ಲಿವೆ ಅಲ್ವಾ?

ಮೊದಲು ಮೂರು ಸಣ್ಣ ಕೆಲಸ ಮಾಡಿ. ಪರದೆಯ ಬೆಳಕು ಕಡಿಮೆ ಮಾಡಿ. ಓದುವ ಹೊತ್ತಿನಲ್ಲಿ ವಾಟ್ಸಾಪ್ ಸದ್ದು ಬರದಂತೆ ಮಾಡಿ. ಓದುವ ಆ್ಯಪ್‌ನಲ್ಲಿ ಅಕ್ಷರವನ್ನು ಒಂದು ಹಂತ ದೊಡ್ಡದು ಮಾಡಿ, ಸಾಲುಗಳ ನಡುವಿನ ಜಾಗವನ್ನೂ ಹೆಚ್ಚಿಸಿ. ನಮ್ಮ ಲಿಪಿಗೆ ಒತ್ತಕ್ಷರ ಇದೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗಿದಂತೆ ಕಂಡು ಕಣ್ಣು ಬೇಗ ದಣಿಯುತ್ತದೆ.

ಎರಡನೆಯದು: ಯಾವ ಪುಸ್ತಕ ಬಿಟ್ಟಿ, ಯಾವುದು ಅಲ್ಲ

ಇದನ್ನು ತಿಳಿದುಕೊಂಡರೆ ಅರ್ಧ ದುಡ್ಡು ಉಳಿದಂತೆ. ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಪುಸ್ತಕದ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಎಣಿಕೆ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿ 1ರಿಂದ. ಲೆಕ್ಕ ಸುಲಭ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅದಕ್ಕೆ 60 ಸೇರಿಸಿದರೆ 2023. ಆ ವರ್ಷ ಮುಗಿದ ಮೇಲೆ, 2024ರ ಜನವರಿ 1ರಿಂದ, ಅವರು ಬದುಕಿದ್ದಾಗ ಬಂದ ಕಾದಂಬರಿಗಳು ಎಲ್ಲರ ಸ್ವತ್ತು. ಮಂಜೇಶ್ವರದ ಗೋವಿಂದ ಪೈಗಳೂ ಅದೇ ವರ್ಷ ಹೋದವರು, ಅವರಿಗೂ ಇದೇ ಲೆಕ್ಕ. ದೇವುಡು ನರಸಿಂಹಶಾಸ್ತ್ರಿಗಳು 1962, ಆಲೂರು ವೆಂಕಟರಾಯರು 1964. ಇನ್ನೂ ಹಿಂದಕ್ಕೆ ಹೋದರೆ ಗಳಗನಾಥರು, ಕೆರೂರು ವಾಸುದೇವಾಚಾರ್ಯರು, ಪಂಜೆ ಮಂಗೇಶರಾಯರು, ಕೈಲಾಸಂ, ಬಿ.ಎಂ.ಶ್ರೀ, ಕೊಡಗಿನ ಗೌರಮ್ಮ ಎಲ್ಲರೂ ಸಿಗುತ್ತಾರೆ.

ಈಗ ಇನ್ನೊಂದು ಕಡೆ ನೋಡಿ. ಡಿ.ವಿ.ಜಿ. ಹೋದದ್ದು 1975ರಲ್ಲಿ, ಅಂದರೆ 2035 ಮುಗಿಯುವ ತನಕ ಹಕ್ಕು ಇದೆ. ಬೇಂದ್ರೆಯವರದು 2041ರವರೆಗೆ, ಕುವೆಂಪು ಅವರದು 2054ರವರೆಗೆ. ಇವರ ಪುಸ್ತಕಗಳ ಪಿಡಿಎಫ್ ಗುಂಪುಗಳಲ್ಲಿ ಓಡಾಡುತ್ತವೆ ನಿಜ. ಓಡಾಡಿದ ಮಾತ್ರಕ್ಕೆ ಬಿಟ್ಟಿಯಾಗುವುದಿಲ್ಲ.

ಎರಡು ಎಚ್ಚರಿಕೆ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಕೃತಿಯಾದರೆ, ಅದು ಪ್ರಕಟವಾದ ಮರುವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು. ಹಾಗೇ ಅನುವಾದವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಮೂಲ ಎಷ್ಟೇ ಹಳೆಯದಿದ್ದರೂ ಕನ್ನಡಕ್ಕೆ ತಂದವರು ನಿನ್ನೆ ಮೊನ್ನೆಯವರಾಗಿದ್ದರೆ ಅದಕ್ಕೆ ದುಡ್ಡು ಕೊಡಬೇಕು.

ಹಕ್ಕು ಇದ್ದೂ ಬಿಟ್ಟಿ ಸಿಗುವ ಪುಸ್ತಕಗಳೂ ಇವೆ. ಹಕ್ಕುದಾರರೇ ಮನಸ್ಸು ಮಾಡಿ ಬಿಟ್ಟುಕೊಟ್ಟವು ಅವು. ನಿರಂಜನರ ಕೃತಿಗಳನ್ನು 2014ರಲ್ಲಿ ಅವರ ಕುಟುಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೀಗೇ ಬಿಡುಗಡೆ ಮಾಡಿತು. ಇದು ನನಗೆ ತುಂಬ ದೊಡ್ಡ ಕೆಲಸ ಅನ್ನಿಸುತ್ತದೆ.

ಮೂರನೆಯದು: ಹಳೇ ಪುಸ್ತಕ ಹುಡುಕುವ ಬಗೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ನಿಧಿ ಇರುವುದೇ ಇಲ್ಲಿ, ದಾರಿ ತಪ್ಪುವುದೂ ಇಲ್ಲೇ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ಒಂದು ದೊಡ್ಡ ಯೋಜನೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಮುಂಚೂಣಿಯಲ್ಲಿತ್ತು. ದೇಶದ ಗ್ರಂಥಾಲಯಗಳ ಲಕ್ಷಾಂತರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಕನ್ನಡ ಪುಸ್ತಕಗಳೂ ಸ್ಕ್ಯಾನ್ ಆದವು. ಮೂಲ ಜಾಲತಾಣ ಆಮೇಲೆ ನಿಂತುಹೋಯಿತು. ಆದರೆ ಆ ಸ್ಕ್ಯಾನ್‌ಗಳ ದೊಡ್ಡ ಪಾಲು ಈಗ ಇಂಟರ್ನೆಟ್ ಆರ್ಕೈವ್ (archive.org) ಅನ್ನುವ ಉಚಿತ ತಾಣದಲ್ಲಿದೆ. ಅದೇ ಆರ್ಕೈವ್‌ನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಜ್' ಅನ್ನುವ ಸಂಗ್ರಹವೂ ಇದೆ. ಬೆಂಗಳೂರಿನಲ್ಲೇ ಕೂತು ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಅದರಲ್ಲಿವೆ, ಪುಟಗಳೂ ಸ್ಪಷ್ಟವಾಗಿರುತ್ತವೆ.

ತೊಂದರೆ ಏನೆಂದರೆ, ಹಳೇ ಸ್ಕ್ಯಾನ್‌ಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅವರವರಿಗೆ ತೋಚಿದಂತೆ ಬರೆದಿದ್ದಾರೆ. 'ಗಳಗನಾಥ' ಅಂತ ಕನ್ನಡದಲ್ಲಿ ಹೊಡೆದರೆ ಸಿಗದ ಪುಸ್ತಕ ಇಂಗ್ಲಿಷ್ ಕಾಗುಣಿತದಲ್ಲಿ ಸಿಗುತ್ತದೆ. ಅದರಲ್ಲೂ ದೀರ್ಘಕ್ಕೆ ಒಬ್ಬರು ಒಂದು 'ಎ' ಹಾಕಿರುತ್ತಾರೆ, ಇನ್ನೊಬ್ಬರು ಎರಡು. ನಾನು ಹುಡುಕುವುದು ಹೀಗೆ:

1. ಮೊದಲು ಕನ್ನಡ ಲಿಪಿಯಲ್ಲೇ ಪುಸ್ತಕದ ಹೆಸರು ಹೊಡೆಯುತ್ತೇನೆ.
2. ಸಿಗದಿದ್ದರೆ 'ಪುಸ್ತಕ ಸಂಚಯ'ಕ್ಕೆ ಹೋಗುತ್ತೇನೆ. 'ಸಂಚಯ' ಅನ್ನುವ ತಂಡದ ಗೆಳೆಯರು ಕಟ್ಟಿದ ಹುಡುಕು ತಾಣ ಇದು. ಡಿಜಿಟಲ್ ಲೈಬ್ರರಿಯ ಮತ್ತು ಉಸ್ಮಾನಿಯಾದ ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕಬಹುದು.
3. ಅಲ್ಲೂ ಸಿಗದಿದ್ದರೆ ಆರ್ಕೈವ್‌ಗೆ ವಾಪಸ್ ಬಂದು, ಹೆಸರಿನ ಒಂದೇ ಒಂದು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಕಾಗುಣಿತದಲ್ಲಿ ಹೊಡೆದು, ಪಕ್ಕದ ಪಟ್ಟಿಯಲ್ಲಿ ಭಾಷೆ ಕನ್ನಡ ಅಂತ ಆರಿಸುತ್ತೇನೆ.

ಪುಸ್ತಕ ಸಿಕ್ಕ ಕೂಡಲೇ ಇಳಿಸಿಕೊಳ್ಳಬೇಡಿ. ಅಲ್ಲೇ ಪರದೆಯ ಮೇಲೆ ಮೂರು ಜಾಗ ನೋಡಿ: ಮೊದಲ ಹತ್ತು ಪುಟ, ನಡುವಿನ ಐದಾರು ಪುಟ, ಕೊನೆಯ ಪುಟ. ಕಂದು ಬಣ್ಣದ ಹಾಳೆ, ಮೂಲೆಯಲ್ಲಿ ಗ್ರಂಥಾಲಯದ ನೀಲಿ ಮೊಹರು, ಯಾರೋ ಪೆನ್ಸಿಲ್‌ನಲ್ಲಿ ಎಳೆದ ಗೆರೆ. ಇವೆಲ್ಲ ಚೆಂದವೇ. ಆದರೆ 46ನೇ ಪುಟ ಆದಮೇಲೆ ನೇರ 49 ಬಂದರೆ? ಒಮ್ಮೆ ಅಮ್ಮನಿಗೆ ಹಾಕಿಕೊಟ್ಟ ಪತ್ತೇದಾರಿ ಕಾದಂಬರಿಯಲ್ಲಿ ಕೊನೆಯ ಎಂಟು ಪುಟ ಇರಲಿಲ್ಲ. ಕೊಲೆಗಾರ ಯಾರು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಕೊನೆಯ ಪುಟ ಇದೆಯಾ ಅಂತ ನೋಡಿಯೇ ಇಳಿಸುತ್ತೇನೆ. ಒಂದೇ ಪುಸ್ತಕದ ಎರಡು ಮೂರು ಸ್ಕ್ಯಾನ್ ಇರುವುದೂ ಉಂಟು, ಹೋಲಿಸಿ ಒಳ್ಳೆಯದನ್ನು ಆರಿಸಿಕೊಳ್ಳಿ.

ಇಳಿಸುವಾಗ ಪಿಡಿಎಫ್ ಆರಿಸಿ. ಆರ್ಕೈವ್‌ನಲ್ಲಿ ಇಪಬ್ (ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಾದ ಇ-ಪುಸ್ತಕದ ರೂಪ) ಅನ್ನುವ ಆಯ್ಕೆಯೂ ಕಾಣುತ್ತದೆ. ಆದರೆ ಅದು ಯಂತ್ರ ಚಿತ್ರದಿಂದ ಅಕ್ಷರ ಓದಿ ತಯಾರಿಸಿದ್ದು. ಹಳೇ ಮೊಳೆ ಅಚ್ಚಿನ ಕನ್ನಡವನ್ನು ಯಂತ್ರ ಓದಿದಾಗ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಓದಿ ಸುಖ ಇಲ್ಲ.

ಪಿಡಿಎಫ್ ಫೋನಿನಲ್ಲಿ ಚಿಕ್ಕದಾಗಿ ಕಾಣುತ್ತದೆ ಅನ್ನುವವರು ಫೋನನ್ನು ಅಡ್ಡ ಹಿಡಿಯಿರಿ. ಅರ್ಧ ಪುಟ ಕಾಣುತ್ತದೆ, ಅಕ್ಷರ ಸಾಕಷ್ಟು ದೊಡ್ಡದಾಗುತ್ತದೆ. ಪುಟದ ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿ ತೋರಿಸುವ ಪಿಡಿಎಫ್ ಆ್ಯಪ್‌ಗಳಿವೆ, ಅಂಥದ್ದೊಂದನ್ನು ಹಾಕಿಕೊಳ್ಳಿ. ಕಂಪ್ಯೂಟರ್ ಬಳಸಿ ರೂಢಿ ಇದ್ದವರು ಕೆ2ಪಿಡಿಎಫ್‌ಆಪ್ಟ್ ಅನ್ನುವ ಉಚಿತ ತಂತ್ರಾಂಶ ಪ್ರಯತ್ನಿಸಬಹುದು. ಸ್ಕ್ಯಾನ್ ಆದ ಪುಟವನ್ನು ಸಣ್ಣ ಪರದೆಗೆ ಹೊಂದುವ ಹಾಗೆ ತುಂಡು ಮಾಡಿ ಜೋಡಿಸುತ್ತದೆ. ಇಡೀ ಪುಸ್ತಕ ಹಾಕುವ ಮುಂಚೆ ಐದು ಪುಟ ಹಾಕಿ ನೋಡಿ, ಸಾಲಿನ ಕೆಳಗಿನ ಒತ್ತುಗಳು ಸರಿಯಾಗಿ ಬಂದಿವೆಯಾ ಅಂತ.

ಇನ್ನೊಂದು ಗಂಟು ಹಳೇ ಟೈಪಿಂಗಿನದು. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಅದರಲ್ಲಿ ಒಂದು ಪದ ಹುಡುಕಿದರೆ ಸಿಗುವುದಿಲ್ಲ, ಒಂದು ಸಾಲು ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಫೈಲ್ ಕೆಟ್ಟಿಲ್ಲ. ಅದು ಯೂನಿಕೋಡ್‌ಗಿಂತ (ಈಗ ಎಲ್ಲ ಫೋನು, ಕಂಪ್ಯೂಟರು ಬಳಸುವ ಅಕ್ಷರ ಪದ್ಧತಿ) ಹಿಂದಿನದು, ಅಷ್ಟೆ. ಆ ಪಠ್ಯವನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಹಳೇ ಪುಸ್ತಕದಲ್ಲಿ ಅರ್ಥವಾಗದ ಪದ ಬಂದರೆ 'ಅಲರ್' ತೆರೆಯಿರಿ. ವಿ. ಕೃಷ್ಣ ಅವರು ಒಬ್ಬರೇ ವರ್ಷಗಟ್ಟಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷ ಪದಗಳಿವೆ, ಬಿಟ್ಟಿಯಾಗಿ ಸಿಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದವರ 'ಭಾರತವಾಣಿ'ಯಲ್ಲೂ ನಿಘಂಟುಗಳಿವೆ, ಪುಸ್ತಕಗಳೂ ಇವೆ.

ವಚನ ಓದುವವರಿಗೆ 'ವಚನ ಸಂಚಯ' ಇದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. 'ಹೊಲ' ಅಂತ ಹೊಡೆದು ನೋಡಿ, ಎಷ್ಟು ವಚನಕಾರರು ಹೊಲದ ಮಾತಾಡಿದ್ದಾರೆ ಅಂತ ಒಂದೇ ಕಡೆ ಕಾಣುತ್ತದೆ. ಅಚ್ಚಾದ ಸಂಪುಟದಲ್ಲಿ ಇದನ್ನು ಮಾಡಲು ವಾರಗಟ್ಟಲೆ ಬೇಕು. ಕನ್ನಡ ವಿಕಿಸೋರ್ಸ್‌ನಲ್ಲೂ ಹಳೇ ಕೃತಿಗಳು ಟೈಪಾಗಿ ಸಿಗುತ್ತವೆ. ಅಕ್ಷರ ದೊಡ್ಡದು ಮಾಡಿಕೊಂಡು ಓದಬೇಕಾದವರಿಗೆ ಸ್ಕ್ಯಾನ್‌ಗಿಂತ ಅದೇ ಹಿತ.

ನಾಲ್ಕನೆಯದು: ನೀವು ಆಗಲೇ ದುಡ್ಡು ಕಟ್ಟಿರುವ ಗ್ರಂಥಾಲಯ

ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಈ ಕರ ಬೀಳುತ್ತದೆ. ಅಂದರೆ ಸಾರ್ವಜನಿಕ ಗ್ರಂಥಾಲಯಕ್ಕೆ ನೀವು ಆಗಲೇ ಚಂದಾ ಕಟ್ಟಿದ್ದೀರಿ. ಉಪಯೋಗಿಸದೇ ಇದ್ದರೆ ಅದು ನಮ್ಮದೇ ನಷ್ಟ.

ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಶುರು ಮಾಡಿತು. ಜಾಲತಾಣದಲ್ಲೋ 'ಇ-ಸಾರ್ವಜನಿಕ ಗ್ರಂಥಾಲಯ' ಆ್ಯಪ್‌ನಲ್ಲೋ ಹೆಸರು ನೋಂದಾಯಿಸಿದರೆ ಸಾಕು, ಸದಸ್ಯತ್ವ ಉಚಿತ. ಕಥೆ ಕಾದಂಬರಿಗಿಂತ ಶಾಲಾ ಪಠ್ಯ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಓದಿಗೆ ಅದು ಜಾಸ್ತಿ ಉಪಯೋಗ ಅನ್ನುವುದು ನನ್ನ ಅನುಭವ. ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಇವತ್ತೇ ನೋಂದಾಯಿಸಿ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಅಂಥದ್ದೇ. ರಾಜ್ಯ ಸರ್ಕಾರದ 'ಕಣಜ' ತಾಣವನ್ನೂ ಒಮ್ಮೆ ತಿರುವಿ ಹಾಕಿ.

ಹೊರದೇಶದಲ್ಲಿರುವ ಕನ್ನಡಿಗರು ತಮ್ಮ ಊರಿನ ಗ್ರಂಥಾಲಯದ ಕಾರ್ಡನ್ನು ಮರೆಯಬಾರದು. ಅಮೆರಿಕದ ಬಹಳಷ್ಟು ಸಾರ್ವಜನಿಕ ಗ್ರಂಥಾಲಯಗಳ ಕಾರ್ಡ್ ಇದ್ದರೆ ಲಿಬ್ಬಿ ಆ್ಯಪ್‌ನಲ್ಲಿ ಇಂಗ್ಲಿಷ್ ಇ-ಪುಸ್ತಕ ಎರವಲು ಸಿಗುತ್ತದೆ. ಇಂಗ್ಲಿಷಿಗೆ ಹೋಗುವ ದುಡ್ಡು ಅಲ್ಲಿ ಉಳಿದರೆ ಕನ್ನಡಕ್ಕೆ ಕೊಡಬಹುದು.

ಮಕ್ಕಳಿಗೆ

ಒಂದೇ ಹೆಸರು ಸಾಕು: ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ್ದು. ಬಣ್ಣದ ಚಿತ್ರಗಳ ಕಥೆ ಪುಸ್ತಕಗಳು, ಮುಕ್ತ ಪರವಾನಗಿ, ಪೂರ್ತಿ ಉಚಿತ. ಓದಿನ ಮಟ್ಟ ಒಂದರಿಂದ ನಾಲ್ಕರವರೆಗೆ ವಿಂಗಡಿಸಿದ್ದಾರೆ. ಆಗಷ್ಟೇ ಅಕ್ಷರ ಕೂಡಿಸುವ ಮಗುವಿಗೆ ಒಂದನೇ ಮಟ್ಟ. ಪಿಡಿಎಫ್ ಇಳಿಸಿ ಮುದ್ರಿಸಿಯೂ ಕೊಡಬಹುದು. ಒಂದೇ ಕಥೆ ಹಲವು ಭಾಷೆಗಳಲ್ಲಿ ಇರುವುದರಿಂದ, ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಇಂಗ್ಲಿಷ್ ಕಥೆಯನ್ನೂ ಅದೇ ಚಿತ್ರಗಳ ಕನ್ನಡ ಕಥೆಯನ್ನೂ ಪಕ್ಕಪಕ್ಕ ಇಟ್ಟು ಓದಿಸಬಹುದು. ಅಕ್ಷರ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಐದನೆಯದು: ದುಡ್ಡು ಕೊಟ್ಟು ಕೊಳ್ಳುವಾಗ

ಈಗ ಬರೆಯುತ್ತಿರುವವರ ಪುಸ್ತಕಕ್ಕೆ ಬರೋಣ. ಕನ್ನಡ ಇ-ಪುಸ್ತಕ ಮಾರುವವರಲ್ಲಿ ಮೈಲ್ಯಾಂಗ್, ವಿವಿಡ್‌ಲಿಪಿ, ಋತುಮಾನ ನಮ್ಮವರದೇ ತಾಣಗಳು. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳಿವೆ. ಒಂದೇ ಪುಸ್ತಕ ಎರಡು ಕಡೆ ಎರಡು ಬೆಲೆಗೆ ಇರುವುದುಂಟು, ನೋಡಿ ಕೊಳ್ಳಿ.

ಅಚ್ಚಿನ ಪುಸ್ತಕಕ್ಕಿಂತ ಇದರಲ್ಲಿ ಎಷ್ಟು ಉಳಿಯುತ್ತದೆ? ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅಚ್ಚಿನಲ್ಲಿರುವ ಪುಸ್ತಕದ ಇ-ರೂಪಕ್ಕೆ 2018ರ ಜುಲೈನಲ್ಲಿ ತೆರಿಗೆಯನ್ನು ಶೇ 18ರಿಂದ 5ಕ್ಕೆ ಇಳಿಸಿದರು. ಆ ಲೆಕ್ಕದಲ್ಲಿ ಕಾಗದದ್ದೇ ಅಗ್ಗ. ಆದರೆ ಅಂಚೆ ಖರ್ಚು ಸೇರಿದಾಗ ಲೆಕ್ಕ ತಿರುಗುತ್ತದೆ. ಒಂದೇ ಪುಸ್ತಕವಾದರೆ, ನೂರು ರೂಪಾಯಿಯ ಕವನ ಸಂಕಲನ ತರಿಸಲು ಕಳಿಸುವ ಖರ್ಚೇ ಭಾರ. ಹಾಗಾಗಿ ನಾನು ಹೀಗೆ ಮಾಡುತ್ತೇನೆ: ತೆಳ್ಳನೆಯ ಒಂಟಿ ಪುಸ್ತಕವಾದರೆ ಇ-ಪುಸ್ತಕ. ನಾಲ್ಕೈದು ಪುಸ್ತಕ ಒಟ್ಟಿಗೆ ಬೇಕಾದರೆ, ಅಥವಾ ಮತ್ತೆ ಮತ್ತೆ ತೆಗೆದು ನೋಡುವಂಥದ್ದಾದರೆ, ಅಚ್ಚಿನದು. ಹೊರದೇಶದಲ್ಲಿರುವವರಿಗೆ ಈ ಯೋಚನೆಯೇ ಬೇಡ. ಅಲ್ಲಿಗೆ ಪಾರ್ಸೆಲ್ ಕಳಿಸುವ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ.

ಕೊಳ್ಳುವ ಮುಂಚೆ ಮಾದರಿ ಪುಟಗಳು ಇದ್ದರೆ ಓದಿ. ಅಂಗಡಿಯಲ್ಲಿ ನಿಂತು ಪುಟ ತಿರುವುವುದಕ್ಕೆ ಸಮ ಇದು. ಮುನ್ನುಡಿ ದಾಟಿ ಕಥೆಯ ಮೊದಲ ಪುಟಕ್ಕೆ ಬನ್ನಿ. ಐದು ಪುಟ ಎಳೆದುಕೊಂಡು ಹೋದರೆ ಕೊಳ್ಳಿ. ಮಾದರಿಯನ್ನು ನೀವು ಓದುವ ಸಾಧನದಲ್ಲೇ ತೆರೆಯುವುದು ಮುಖ್ಯ. ನಾನು ಒಮ್ಮೆ ಒಂದು ಕಡೆ ಅಮ್ಮನಿಗೆ ಅಂತ ಕೊಂಡ ಪುಸ್ತಕ ಬರೀ ಪುಟಗಳ ಚಿತ್ರವಾಗಿತ್ತು. ಅಕ್ಷರ ದೊಡ್ಡದಾಗುತ್ತಲೇ ಇರಲಿಲ್ಲ. 180 ರೂಪಾಯಿ ಹೋಯಿತು. ಪ್ಲೇ ಬುಕ್ಸ್‌ನಲ್ಲಾದರೆ ಪುಸ್ತಕದ ವಿವರದಲ್ಲಿ 'ಫ್ಲೋಯಿಂಗ್ ಟೆಕ್ಸ್ಟ್' ಇದೆಯೋ, 'ಒರಿಜಿನಲ್ ಪೇಜಸ್' ಮಾತ್ರ ಇದೆಯೋ ಅಂತ ಬರೆದಿರುತ್ತದೆ. ಮೊದಲನೆಯದಿದ್ದರೆ ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ. ಕಣ್ಣಿನ ತೊಂದರೆ ಇರುವವರಿಗೆ ಕೊಳ್ಳುವಾಗ ಬೆಲೆಗಿಂತ ಮೊದಲು ಇದನ್ನು ನೋಡಿ.

ರಿಯಾಯಿತಿಗೆ ಎರಡು ಕಾಲ ನೆನಪಿಡಿ. ಒಂದು ನವೆಂಬರ್, ರಾಜ್ಯೋತ್ಸವದ ತಿಂಗಳು. ಇನ್ನೊಂದು ಏಪ್ರಿಲ್ 23, ವಿಶ್ವ ಪುಸ್ತಕ ದಿನದ ಆಸುಪಾಸು. ವರ್ಷವಿಡೀ ಇಷ್ಟವಾದ ಪುಸ್ತಕಗಳನ್ನು ಬರೆದಿಟ್ಟುಕೊಂಡು ಆಗ ಒಟ್ಟಿಗೆ ಕೊಳ್ಳಿ. ಪಟ್ಟಿಯಲ್ಲಿ ಇಲ್ಲದ್ದನ್ನು ಅರ್ಧ ಬೆಲೆ ಅಂತ ಕೊಳ್ಳಬೇಡಿ. ಓದದೆ ಬಿದ್ದಿರುವ ಪುಸ್ತಕ ಯಾವ ಬೆಲೆಗೆ ಬಂದರೂ ದುಬಾರಿಯೇ.

ತಿಂಗಳ ಚಂದಾ ಇರುವ ಆ್ಯಪ್‌ಗಳ ಬಗ್ಗೆ. ಪ್ರತಿಲಿಪಿ 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ಅದರಲ್ಲಿ ಕನ್ನಡ ಕಥೆಗಳನ್ನು ಬಿಟ್ಟಿ ಓದಬಹುದು, ಕೆಲವು ಧಾರಾವಾಹಿಗಳಿಗೆ ಮಾತ್ರ ದುಡ್ಡು ಕೇಳುತ್ತದೆ. ದಿನಾ ಒಂದೊಂದು ಕಂತು ಓದುವ ಅಭ್ಯಾಸ ಇದ್ದವರಿಗೆ ಸೊಗಸು. ಕೇಳುವ ಪುಸ್ತಕ ಇಷ್ಟಪಡುವವರಿಗೆ ಸ್ಟೋರಿಟೆಲ್‌ನಲ್ಲಿ ಕನ್ನಡ ಇದೆ. ಚಂದಾ ಕಟ್ಟುವ ಮುಂಚೆ ಒಂದೇ ಲೆಕ್ಕ ಮಾಡಿ: ಹೋದ ತಿಂಗಳು ನಿಜವಾಗಿ ಎಷ್ಟು ಪುಸ್ತಕ ಮುಗಿಸಿದಿರಿ? ಎರಡಕ್ಕಿಂತ ಕಡಿಮೆಯಾದರೆ ಬಿಡಿಬಿಡಿಯಾಗಿ ಕೊಳ್ಳುವುದೇ ವಾಸಿ.

ಉಚಿತ ಪ್ರಯೋಗದ ಬಲೆಗೆ ನಾನೂ ಬಿದ್ದಿದ್ದೇನೆ. ಒಂದು ಆ್ಯಪ್‌ನಲ್ಲಿ ಪ್ರಯೋಗ ಅಂತ ಸೇರಿದ್ದು ಮರೆತೇಹೋಗಿ, ಐದು ತಿಂಗಳು ಖಾತೆಯಿಂದ ದುಡ್ಡು ಹೋಗುತ್ತಲೇ ಇತ್ತು. ಆಮೇಲೆ ಗೊತ್ತಾಗಿದ್ದು, ರಿಸರ್ವ್ ಬ್ಯಾಂಕಿನ ನಿಯಮದಂತೆ ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಸಂದೇಶ ಬರುತ್ತದೆ. ನಾನು ಅದನ್ನು ಓದದೇ ಅಳಿಸುತ್ತಿದ್ದೆ. ನೀವು ಹಾಗೆ ಮಾಡಬೇಡಿ. ಸೇರಿದ ದಿನವೇ ಯುಪಿಐ ಆ್ಯಪ್‌ನ 'ಆಟೋಪೇ' ವಿಭಾಗಕ್ಕೆ ಹೋಗಿ ಅದನ್ನು ರದ್ದು ಮಾಡಿ. ಬೇಕೆನಿಸಿದರೆ ಮತ್ತೆ ಕಟ್ಟಿದರಾಯಿತು.

ವಾಟ್ಸಾಪ್, ಟೆಲಿಗ್ರಾಂ ಗುಂಪುಗಳ ಪಿಡಿಎಫ್ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಕನ್ನಡ ಪುಸ್ತಕಗಳ ಒಂದು ಮುದ್ರಣ ಅಂದರೆ ಬಹಳ ಸಲ ಕೆಲವು ನೂರು ಅಥವಾ ಸಾವಿರ ಪ್ರತಿ. ಅಂಥ ಪುಸ್ತಕದ ಕಳ್ಳ ಪ್ರತಿ ಎರಡು ಗುಂಪುಗಳಿಗೆ ಬಿದ್ದರೆ ಎರಡನೇ ಮುದ್ರಣ ಹೊರಡುವುದೇ ಇಲ್ಲ. ಯಾರಾದರೂ ಕಳಿಸಿದರೆ ನಾನು ಮುಂದಕ್ಕೆ ಕಳಿಸುವುದಿಲ್ಲ, ಕೊಳ್ಳುವ ಕೊಂಡಿಯನ್ನು ಗುಂಪಿಗೆ ಹಾಕುತ್ತೇನೆ. ಒಬ್ಬಿಬ್ಬರಾದರೂ ಕೊಂಡಿದ್ದಾರೆ.

ಆರನೆಯದು: ಮುಂದೇನು ಓದುವುದು

ಆ್ಯಪ್‌ಗಳು 'ನಿಮಗಾಗಿ' ಅಂತ ತೋರಿಸುವ ಪಟ್ಟಿಯನ್ನು ನಾನು ಜಾಸ್ತಿ ನಂಬುವುದಿಲ್ಲ. ಓದಿದ್ದನ್ನೇ ಹೋಲುವುದನ್ನು ಅದು ಮತ್ತೆ ಮತ್ತೆ ಕೊಡುತ್ತದೆ. ಹೊಸದು ಸಿಗುವುದು ಬೇರೆ ದಾರಿಗಳಲ್ಲಿ.

ಇಷ್ಟವಾದ ಪುಸ್ತಕದ ಮುನ್ನುಡಿ, ಬೆನ್ನುಡಿ ಬರೆದವರು ಯಾರು ನೋಡಿ. ಅವರೂ ಬರಹಗಾರರೇ ಆಗಿರುತ್ತಾರೆ, ಅವರ ಪುಸ್ತಕ ತೆಗೆಯಿರಿ. ಅರ್ಪಣೆಯ ಪುಟ ನೋಡಿ. ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಅನುವಾದಕರ ಹೆಸರು ಹಿಡಿದು ಹೋಗುವುದು. ಒಬ್ಬ ಒಳ್ಳೆಯ ಅನುವಾದಕರು ಆರಿಸಿದ ಪುಸ್ತಕವೆಂದರೆ ಯಾರೋ ಪ್ರೀತಿಯಿಂದ ಹತ್ತು ಸಲ ಓದಿದ ಪುಸ್ತಕ. ಮಲಯಾಳಂ, ಬಂಗಾಳಿ, ಮರಾಠಿಯಿಂದ ಬಂದ ಎಷ್ಟೋ ಕಾದಂಬರಿಗಳು ನಮ್ಮ ಮನೆಗೆ ಹೀಗೇ ಬಂದವು.

ಪುಸ್ತಕ ಪರಿಚಯಕ್ಕೆ 'ಬುಕ್ ಬ್ರಹ್ಮ', 'ಕೆಂಡಸಂಪಿಗೆ', 'ಅವಧಿ' ಜಾಲತಾಣಗಳನ್ನು ನೋಡಿ. ಹೊಸ ಪುಸ್ತಕದ ಒಂದು ಅಧ್ಯಾಯ, ಒಂದು ಕಥೆ ಪೂರ್ತಿಯಾಗಿ ಅಲ್ಲಿ ಸಿಗುವುದುಂಟು. ಭಾನುವಾರದ ಪುರವಣಿಗಳ ಪುಸ್ತಕ ವಿಮರ್ಶೆಯ ಫೋಟೊ ತೆಗೆದಿಟ್ಟುಕೊಳ್ಳಿ. ದೀಪಾವಳಿ ವಿಶೇಷಾಂಕಗಳ ಕಥಾ ಸ್ಪರ್ಧೆಯಲ್ಲಿ ಬಹುಮಾನ ಪಡೆದವರ ಹೆಸರು ಬರೆದಿಡಿ. ಎರಡು ಮೂರು ವರ್ಷದಲ್ಲಿ ಅವರಲ್ಲಿ ಕೆಲವರ ಮೊದಲ ಸಂಕಲನ ಬಂದಿರುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರದ ಕನ್ನಡ ಪಟ್ಟಿಯನ್ನು ಹಿಂದಿನ ಹತ್ತು ವರ್ಷದ್ದು ತೆಗೆದರೆ ಒಂದು ವರ್ಷದ ಓದಿಗೆ ಸಾಮಗ್ರಿ ಆಯಿತು.

ಹೊಸ ಲೇಖಕರ ರುಚಿ ನೋಡಲು ಸಂಕಲನಗಳಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಇಪ್ಪತ್ತು ಜನರ ಇಪ್ಪತ್ತು ಕಥೆ ಇರುವ ಒಂದು ಪುಸ್ತಕ ಕೊಂಡರೆ, ಮೂವರಾದರೂ ಇಷ್ಟವಾಗುತ್ತಾರೆ. ಆ ಮೂವರ ಸ್ವಂತ ಪುಸ್ತಕ ಆಮೇಲೆ ಕೊಳ್ಳಿ.

ಇವೆಲ್ಲ ಬಂದು ಬೀಳಲು ಒಂದು ಜಾಗ ಬೇಕು. ನಮ್ಮ ಮನೆಯಲ್ಲಿ ಅದು ಅಮ್ಮನ ಎರಡು ಗೆರೆಯ ನೋಟುಪುಸ್ತಕ. ಎಡಗಡೆ ಪುಸ್ತಕದ ಹೆಸರು, ನಡುವೆ ಯಾರು ಹೇಳಿದ್ದು, ಬಲಗಡೆ ಎಲ್ಲಿ ಸಿಗುತ್ತದೆ ಮತ್ತು ಬೆಲೆ. 'ಯಾರು ಹೇಳಿದ್ದು' ಅನ್ನುವ ಕಲಂ ತುಂಬ ಮುಖ್ಯ. ಆರು ತಿಂಗಳಲ್ಲಿ ಯಾರ ಮಾತು ನಮ್ಮ ರುಚಿಗೆ ಕೂಡುತ್ತದೆ ಅಂತ ಅದರಿಂದಲೇ ತಿಳಿಯಿತು. ಅಮ್ಮನಿಗೆ ಪಕ್ಕದ ಮನೆ ನಿವೃತ್ತ ಮೇಷ್ಟ್ರು ಹೇಳಿದ್ದು ಒಂದೂ ತಪ್ಪಿಲ್ಲ.

ಎಲ್ಲೂ ಸಿಗದಿದ್ದರೆ

ಬಹಳಷ್ಟು ಒಳ್ಳೆಯ ಕನ್ನಡ ಪುಸ್ತಕಗಳು ಇನ್ನೂ ಇ-ರೂಪಕ್ಕೆ ಬಂದಿಲ್ಲ. ಆಗ ಪ್ರಕಾಶಕರನ್ನೇ ಕೇಳಿ. ಪುಸ್ತಕದ ಎರಡನೇ ಪುಟದಲ್ಲಿ ಅವರ ವಿಳಾಸ, ಫೋನ್ ನಂಬರ್ ಇರುತ್ತದೆ. ಬಹಳ ಕಡೆ ಫೋನ್ ಎತ್ತುವವರು ಪ್ರಕಾಶಕರೇ ಆಗಿರುತ್ತಾರೆ. "ಇ-ಪುಸ್ತಕ ಇದೆಯಾ? ಇಲ್ಲದಿದ್ದರೆ ತರುವ ಯೋಚನೆ ಇದೆಯಾ?" ಅಂತ ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಓದುಗರು ಕೇಳುತ್ತಿದ್ದಾರೆ ಅಂತ ಗೊತ್ತಾಗುವುದೇ ಅವರಿಗೆ ಬೇಕು.

ಹೋದ ತಿಂಗಳು ಅಮ್ಮ ತಮ್ಮ ಕಾಲೇಜು ದಿನಗಳಲ್ಲಿ ಓದಿದ್ದ ಒಂದು ಕಾದಂಬರಿ ಕೇಳಿದರು. ಮೇಲೆ ಹೇಳಿದ ಎಲ್ಲ ಕಡೆ ಹುಡುಕಿದೆ, ಇರಲಿಲ್ಲ. ಪ್ರಕಾಶಕರಿಗೆ ಫೋನ್ ಮಾಡಿದೆ. ಇ-ಪುಸ್ತಕ ಇಲ್ಲ, ಗೋದಾಮಿನಲ್ಲಿ ನಾಲ್ಕು ಪ್ರತಿ ಉಳಿದಿವೆ ಅಂದರು. ಒಂದನ್ನು ತರಿಸಿದೆ. ಅಕ್ಷರ ಸಣ್ಣದು. ಹಾಗಾಗಿ ರಾತ್ರಿ ಊಟ ಆದಮೇಲೆ ನಾನು ಗಟ್ಟಿಯಾಗಿ ಓದುತ್ತೇನೆ, ಅಮ್ಮ ಕೇಳುತ್ತಾರೆ. ದಿನಕ್ಕೆ ಹತ್ತು ಪುಟ. ಈಗ 112ನೇ ಪುಟದಲ್ಲಿದ್ದೇವೆ.